40 ಲಕ್ಷದ ವಾಚು: ಅದರೊಳಗೆ ತಿರುಗೋದು ಎಂತ, ಜಗಳ ಎಂತಕ್ಕೆ?

ನಾವುಂದದಿಂದ ಮತ್ತೊಂದು ಎಪಿಸೋಡ್. ಬಸ್ಸಲ್ಲಿ ನಿಂತ್ಕೊಂಡು ಹೋಗೋರಿಗೆ, ಇಯರ್‌ಫೋನ್ ಮನೆಯಲ್ಲೇ ಬಿಟ್ಟು ಬಂದವರಿಗೆ, ಇದು ಅದರ ಬರಹ ರೂಪ. ಆರಾಮಾಗಿ ಓದಿ.

ಇವತ್ತಿನ ವಿಷಯ ಒಂದು ಕೈಗಡಿಯಾರ. ಹೆಸರು 'ನೆಬ್ಯುಲಾ ಜಲ್ಸಾ'. ಬೆಲೆ 40.5 ಲಕ್ಷ ರೂಪಾಯಿ. ಮಾಡಿದ್ದು ಒಟ್ಟು 10 ಮಾತ್ರ. ಇದನ್ನ ತಂದದ್ದು ಸ್ವಿಟ್ಜರ್ಲೆಂಡಿನ ಕಂಪನಿ ಅಲ್ಲ, ನಮ್ಮ ಟೈಟಾನ್. ಬೆಂಗಳೂರಲ್ಲಿ ಮುಖ್ಯ ಕಚೇರಿ, ಗಡಿ ದಾಟಿದ ಕೂಡ್ಲೆ ಸಿಗುವ ಹೊಸೂರಲ್ಲಿ ಕಾರ್ಖಾನೆ ಇರುವ ಅದೇ ಟೈಟಾನ್. 2025ರಲ್ಲಿ ಇದು ಹೊರಬಂದಾಗ ಸುದ್ದಿಯಲ್ಲಿ ಎಲ್ಲರೂ ಹಿಡಿದದ್ದು ಬೆಲೆಯನ್ನ. 'ಈ ದುಡ್ಡಲ್ಲಿ ಊರಲ್ಲಿ ಒಂದು ಮನೆ ಕಟ್ಟಬಹುದಲ್ಲ ಮಾರಾಯ್ರೆ' ಅನ್ನೋದು ಸಹಜ. ಆದರೆ ವಾಚ್ ಹುಚ್ಚು ಇರುವವರ ನಡುವೆ ಇಂಥ ಗಡಿಯಾರ ಬಂದಾಗ ನಡೆಯುವ ಜಗಳ ಬೆಲೆಯದ್ದಲ್ಲ, ವಿನ್ಯಾಸದ್ದು. ಆ ಜಗಳ ಅರ್ಥ ಮಾಡ್ಕೊಂಡ್ರೆ ನಾವು ನೀವು 3 ಸಾವಿರದ ವಾಚ್ ತಗೊಳ್ಳುವಾಗಲೂ ಮೋಸ ಹೋಗೋದು ತಪ್ಪುತ್ತೆ. ಅದಕ್ಕೇ ಈ ಎಪಿಸೋಡ್.

ಕಾಂಪ್ಲಿಕೇಶನ್ ಅಂದ್ರೆ ತೊಂದರೆ ಅಲ್ಲ

ಮೊದಲು ಒಂದು ಶಬ್ದ ಸರಿ ಮಾಡ್ಕೊಳ್ಳುವ. ಆಸ್ಪತ್ರೆಯಲ್ಲಿ 'ಕಾಂಪ್ಲಿಕೇಶನ್ ಆಯ್ತು' ಅಂದ್ರೆ ಹೆದರಿಕೆ ಆಗುತ್ತೆ. ವಾಚ್ ಲೋಕದಲ್ಲಿ ಅದು ಹೊಗಳಿಕೆ. ಗಂಟೆ, ನಿಮಿಷ, ಸೆಕೆಂಡು ಬಿಟ್ಟು ಗಡಿಯಾರ ಇನ್ನೇನು ತೋರಿಸಿದರೂ ಅದು ಕಾಂಪ್ಲಿಕೇಶನ್. ತಾರೀಕು ತೋರಿಸುವ ಸಣ್ಣ ಕಿಟಕಿ ಕೂಡ ಅದೇ. ಸ್ಟಾಪ್‌ವಾಚ್, ಚಂದ್ರನ ಕಲೆ, ಫೆಬ್ರವರಿಗೆ 28 ದಿನವೋ 29 ದಿನವೋ ಅಂತ ತಾನೇ ಲೆಕ್ಕ ಹಾಕುವ ಪರ್ಪೆಚುವಲ್ ಕ್ಯಾಲೆಂಡರ್, ಗುಂಡಿ ಒತ್ತಿದರೆ ಸಮಯವನ್ನ ಗಂಟೆ ಬಾರಿಸಿ ಹೇಳುವ ಮಿನಿಟ್ ರಿಪೀಟರ್, ಹೀಗೆ ಮೇಲೆ ಮೇಲೆ ಹೋಗುತ್ತೆ.

ಇದೆಲ್ಲ ಬ್ಯಾಟರಿ ಇಲ್ಲದೆ, ಚಿಪ್ ಇಲ್ಲದೆ, ಬರೀ ಸ್ಪ್ರಿಂಗು ಮತ್ತು ಹಲ್ಲಿನ ಚಕ್ರಗಳಿಂದ ಆಗಬೇಕು. ನಿಮ್ಮ ಫೋನಿಗೆ ಇದೆಲ್ಲ ಒಂದು ಸಣ್ಣ ಆ್ಯಪ್‌ನ ಕೆಲಸ. ಅದನ್ನೇ ಲೋಹದಲ್ಲಿ, ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾಡೋದೇ ಪಂಥ.

ಇದರ ಒಂದು ತುದಿ ಯಾವುದು ಅಂದ್ರೆ ಪಟೆಕ್ ಫಿಲಿಪ್ ಕಂಪನಿಯ ಗ್ರ್ಯಾಂಡ್‌ಮಾಸ್ಟರ್ ಚೈಮ್. ಒಂದೇ ಕೈಗಡಿಯಾರದಲ್ಲಿ 20 ಕಾಂಪ್ಲಿಕೇಶನ್, ಮುಂದೊಂದು ಡಯಲ್, ಹಿಂದೊಂದು ಡಯಲ್. ಅದರ ಸ್ಟೀಲಿನ ಒಂದೇ ಒಂದು ಪ್ರತಿ 2019ರ ನವೆಂಬರ್‌ನಲ್ಲಿ ಜಿನೀವಾದ ಹರಾಜಲ್ಲಿ 31 ಮಿಲಿಯನ್ ಸ್ವಿಸ್ ಫ್ರಾಂಕಿಗೆ ಹೋಯಿತು. ಅದನ್ನ ಯಂತ್ರಜ್ಞಾನದ ತುದಿ ಅಂತ ಯಾರೂ ಅಲ್ಲಗಳೆಯೋದಿಲ್ಲ. ಪ್ರಶ್ನೆ ಏನಂದ್ರೆ, ಇಷ್ಟೆಲ್ಲ ತುಂಬಿದ ಮೇಲೆ ಟೈಮ್ ಎಷ್ಟಾಯ್ತು ಅಂತ ಒಂದು ನೋಟಕ್ಕೆ ಗೊತ್ತಾಗುತ್ತಾ?

ನಮ್ಮ ಕಡೆ ಯಕ್ಷಗಾನ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತೆ. ಬಡಗುತಿಟ್ಟಿನ ವೇಷದಲ್ಲಿ ಕೇದಗೆ ಮುಂದಲೆ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆ, ಏನೆಲ್ಲ ಇರುತ್ತೆ. ಆದರೆ ಅಷ್ಟೂ ಕಟ್ಟಿಕೊಂಡು ಕುಣಿಯಲಿಕ್ಕೆ ಆಗಬೇಕು, ಮುಖದ ಭಾವ ಕೊನೇ ಸಾಲಲ್ಲಿ ಕೂತವನಿಗೂ ಕಾಣಬೇಕು. ವೇಷ ಕುಣಿತವನ್ನ ನುಂಗಿಬಿಟ್ಟರೆ ಅದು ಭಾರ ಅಷ್ಟೆ. ಸಂಕೀರ್ಣ ವಾಚಿನ ವಿನ್ಯಾಸದ ಬಗ್ಗೆ ಇರುವ ಎಲ್ಲ ವಾದವನ್ನ ಹಿಂಡಿದರೆ ಸಿಗೋದು ಇದೇ ಮಾತು.

ಸುಳಿಗಾಳಿ ಎಂಬ ಯಂತ್ರ

ಜಲ್ಸಾದ ಒಳಗಿರೋದು ಫ್ಲೈಯಿಂಗ್ ಟೂರ್ಬಿಯೋನ್. ಟೂರ್ಬಿಯೋನ್ ಅಂದ್ರೆ ಫ್ರೆಂಚಿನಲ್ಲಿ ಸುಳಿಗಾಳಿ. ಕಂಡುಹಿಡಿದವರು ಅಬ್ರಹಾಂ ಲೂಯಿ ಬ್ರೆಗೆ. ಪೇಟೆಂಟ್ ಸಿಕ್ಕಿದ್ದು ಪ್ಯಾರಿಸ್‌ನಲ್ಲಿ, 1801ರ ಜೂನ್ 26ಕ್ಕೆ.

ಎಂತಕ್ಕೆ ಬೇಕಾಯ್ತು? ಮೆಕ್ಯಾನಿಕಲ್ ಗಡಿಯಾರದ ಹೃದಯ ಅಂದ್ರೆ ಬ್ಯಾಲೆನ್ಸ್ ವೀಲ್. ಅತ್ತಿಂದಿತ್ತ ತಿರುಗಿ ತಿರುಗಿ ಸಮಯವನ್ನ ತುಂಡು ಮಾಡುವ ಸಣ್ಣ ಚಕ್ರ. ಅದರಲ್ಲಿ ಒಂದು ಬದಿ ಕೂದಲೆಳೆಯಷ್ಟು ಭಾರ ಹೆಚ್ಚಾದರೂ ಭೂಮಿ ಅದನ್ನ ಕೆಳಗೆ ಎಳೆಯುತ್ತೆ. ಸೈಕಲ್ ಚಕ್ರಕ್ಕೆ ಒಂದು ಕಡೆ ಕಲ್ಲು ಕಟ್ಟಿ ಬಿಟ್ಟರೆ ಆ ಕಲ್ಲು ಯಾವಾಗ್ಲೂ ಕೆಳಗೇ ಬಂದು ನಿಲ್ಲುತ್ತಲ್ಲ, ಹಾಗೆ. ಆ ಭಾರದ ಬಿಂದು ಎಲ್ಲಿದೆ ಅನ್ನೋದರ ಮೇಲೆ ಗಡಿಯಾರ ಸ್ವಲ್ಪ ಮುಂದೆ ಅಥವಾ ಸ್ವಲ್ಪ ಹಿಂದೆ ಓಡುತ್ತೆ. ಬ್ರೆಗೆ ಕಾಲದಲ್ಲಿ ವಾಚು ಇರುತ್ತಿದ್ದದ್ದು ಕೋಟಿನ ಕಿಸೆಯಲ್ಲಿ, ದಿನವಿಡೀ ಒಂದೇ ಭಂಗಿಯಲ್ಲಿ ನೆಟ್ಟಗೆ ನಿಂತು. ಹಾಗಾಗಿ ಆ ತಪ್ಪು ದಿನವಿಡೀ ಒಂದೇ ದಿಕ್ಕಿಗೆ ಸೇರ್ತಾ ಹೋಗುತ್ತಿತ್ತು.

ಬ್ರೆಗೆ ಮಾಡಿದ ಉಪಾಯ ನಮ್ಮ ಅಂಗಳದಲ್ಲಿ ಕೊಬ್ಬರಿ ಒಣಗಿಸುವವರ ಉಪಾಯವೇ. ಒಂದೇ ಬದಿಗೆ ಬಿಸಿಲು ಬಿದ್ದರೆ ಆಗೋದಿಲ್ಲ ಅಂತ ಆಗಾಗ ಮಗುಚಿ ಹಾಕ್ತೇವಲ್ಲ? ಅವನು ಬ್ಯಾಲೆನ್ಸ್ ವೀಲನ್ನ, ಅದನ್ನ ತಳ್ಳುವ ಭಾಗಗಳನ್ನ, ಎಲ್ಲವನ್ನೂ ಒಂದು ಪಂಜರದೊಳಗೆ ಇಟ್ಟು ಆ ಪಂಜರವನ್ನೇ ತಿರುಗಿಸಿದ. ಈಗಿನ ಹೆಚ್ಚಿನ ಟೂರ್ಬಿಯೋನ್‌ಗಳಲ್ಲಿ ನಿಮಿಷಕ್ಕೆ ಒಂದು ಸುತ್ತು. ಸುತ್ತಿನ ಅರ್ಧದಲ್ಲಿ ಮುಂದೆ ಓಡಿದ್ದು ಇನ್ನರ್ಧದಲ್ಲಿ ಹಿಂದೆ ಬೀಳುತ್ತೆ. ತಪ್ಪು ಹೋಗೋದಿಲ್ಲ, ಎಲ್ಲ ದಿಕ್ಕಿಗೂ ಸಮ ಹಂಚಿ ಹೋಗುತ್ತೆ.

ಇನ್ನು 'ಫ್ಲೈಯಿಂಗ್' ಅಂದ್ರೆ? ಮಾಮೂಲಿ ಟೂರ್ಬಿಯೋನ್‌ನ ಪಂಜರವನ್ನ ಮೇಲೆ ಒಂದು, ಕೆಳಗೆ ಒಂದು ಪಟ್ಟಿ ಹಿಡಿದಿರುತ್ತೆ. 1920ರಲ್ಲಿ ಜರ್ಮನಿಯ ಗ್ಲಾಸ್‌ಹ್ಯೂಟೆಯಲ್ಲಿ ಆಲ್ಫ್ರೆಡ್ ಹೆಲ್ವಿಗ್ ಮೇಲಿನ ಪಟ್ಟಿ ತೆಗೆದು, ಕೆಳಗಿನ ಆಧಾರದ ಮೇಲೆ ಮಾತ್ರ ಪಂಜರ ನಿಲ್ಲಿಸಿದರು. ನೋಡಲಿಕ್ಕೆ ಗಾಳಿಯಲ್ಲಿ ತೇಲಿದ ಹಾಗೆ. ಮಾಡಲಿಕ್ಕೆ ಇನ್ನೂ ಕಷ್ಟ, ಯಾಕಂದ್ರೆ ಒಂದೇ ಕಡೆಯ ಆಧಾರದಲ್ಲಿ ಒಂದು ಗ್ರಾಂ ಕೂಡ ತೂಗದ ಪಂಜರ ಅಲುಗದೆ ತಿರುಗಬೇಕು.

ಅಡುಗೆಮನೆಯಿಂದ ಚಾವಡಿಗೆ

ಇಲ್ಲಿಂದ ಜಗಳ ಶುರು. ಕಿಸೆ ಗಡಿಯಾರಕ್ಕೆ ಟೂರ್ಬಿಯೋನ್ ಬೇಕಿತ್ತು. ಕೈಗಡಿಯಾರಕ್ಕೆ ಬೇಕಾ? ಕೈ ಒಂದೇ ಭಂಗಿಯಲ್ಲಿ ಎಲ್ಲಿರುತ್ತೆ? ಬೈಕ್ ಹ್ಯಾಂಡಲ್ ಹಿಡೀತೇವೆ, ಊಟ ಮಾಡ್ತೇವೆ, ಫೋನ್ ನೋಡ್ತೇವೆ. ಕೈ ಅಲ್ಲಾಡೋದರಿಂದಲೇ ತಪ್ಪು ಬಹುಮಟ್ಟಿಗೆ ಹಂಚಿಹೋಗುತ್ತೆ. ಅದೂ ಅಲ್ಲದೆ ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಕೆಲವು ನೂರು ರೂಪಾಯಿಯ ಕ್ವಾರ್ಟ್ಜ್ ವಾಚು ತಿಂಗಳಿಗೆ ಕೆಲವು ಸೆಕೆಂಡು ಮಾತ್ರ ತಪ್ಪಿದರೆ, ಒಳ್ಳೇ ಮೆಕ್ಯಾನಿಕಲ್ ವಾಚು ಒಂದೇ ದಿನದಲ್ಲಿ ಅಷ್ಟು ತಪ್ಪಬಹುದು.

ಹಳೇ ಕಾಲದಲ್ಲಿ ಟೂರ್ಬಿಯೋನ್ ಸಾಮಾನ್ಯವಾಗಿ ಡಯಲ್ ಹಿಂದೆ ಅಡಗಿರುತ್ತಿತ್ತು. ಅಡುಗೆಮನೆಯಲ್ಲಿ ದುಡಿಯುವವರ ಹಾಗೆ. ಊಟ ರುಚಿ ಇದ್ದರೆ ಸಾಕು, ಮುಖ ಕಾಣಬೇಕಿಲ್ಲ. 1986ರಲ್ಲಿ ಓದೆಮಾರ್ ಪಿಗೆ ಕಂಪನಿ ತಾನೇ ಕೀಲಿ ಕೊಟ್ಟುಕೊಳ್ಳುವ ತೆಳು ಟೂರ್ಬಿಯೋನ್ ಕೈಗಡಿಯಾರ ತಂದಿತು, ಡಯಲಿನಲ್ಲಿ ಒಂದು ತೂತು ಕೊರೆದು ಪಂಜರವನ್ನ ಎದುರಿಗೇ ತೋರಿಸಿತು. ಅಲ್ಲಿಂದೀಚೆಗೆ ಟೂರ್ಬಿಯೋನ್ ಅಂದ್ರೆ ಕಾಣಲೇಬೇಕು ಅಂತ ಆಯ್ತು. ಕೆಲಸಗಾರ ಹೋಗಿ ನಟ ಆದ.

ಇದನ್ನ ಒಪ್ಪದವರು ಹೇಳೋದು: ಕೆಲಸವೇ ಇಲ್ಲದ ಭಾಗವನ್ನ ಮುಂದೆ ತಂದಿಟ್ಟು ದುಡ್ಡು ಕೇಳೋದು ವಿನ್ಯಾಸ ಅಲ್ಲ, ಪ್ರದರ್ಶನ. ಒಪ್ಪುವವರು ಹೇಳೋದು: ಮೆಕ್ಯಾನಿಕಲ್ ವಾಚೇ ಇವತ್ತು ಯಾರಿಗೂ ಅಗತ್ಯ ಇಲ್ಲ. ಹಾಗಿರುವಾಗ ಅದರೊಳಗಿನ ಅತಿ ಕಷ್ಟದ ಭಾಗವನ್ನ ಕಣ್ಣಿಗೆ ಕಾಣುವ ಹಾಗೆ ಇಡೋದೇ ಪ್ರಾಮಾಣಿಕ. ನೋಡುವ ಸಂತೋಷವೇ ಈಗ ಅದರ ಕೆಲಸ.

ಎರಡರಲ್ಲೂ ಹುರುಳಿದೆ. ಯಾವುದು ಸರಿ ಅಂತ ಹೇಳುವ ಮೊದಲು ಸ್ವಲ್ಪ ನಮ್ಮ ಕಡೆಯ ಕಥೆ ನೋಡ್ಬೇಕು. ಯಾಕಂದ್ರೆ ಜಲ್ಸಾ ಆಕಾಶದಿಂದ ಬಿದ್ದದ್ದಲ್ಲ.

ಜಾಲಹಳ್ಳಿಯಿಂದ ಹೊಸೂರಿಗೆ

1953ರಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದ್ರೆ ಎಚ್‌ಎಂಟಿ ಶುರುವಾಯ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚ್ ತಯಾರಿಕೆ. ಜನತಾ, ಪೈಲಟ್, ಕೋಹಿನೂರ್, ಸೋನಾ, ಕಾಂಚನ್. ಮದುವೆಗೆ, ಎಸ್‌ಎಸ್‌ಎಲ್‌ಸಿ ಪಾಸಾದದ್ದಕ್ಕೆ, ನೌಕರಿ ಸಿಕ್ಕಿದ್ದಕ್ಕೆ, ರಿಟೈರ್ ಆದದ್ದಕ್ಕೆ, ಎಲ್ಲದಕ್ಕೂ ಎಚ್‌ಎಂಟಿ. ನಿಮ್ಮ ಮನೆಯ ಗೋದ್ರೆಜ್ ಕಪಾಟಿನ ಒಳಗಿನ ಸಣ್ಣ ಲಾಕರ್ ನೋಡಿ, ಒಂದು ಇರುವ ಸಾಧ್ಯತೆ ಜಾಸ್ತಿ.

ಜನತಾ ವಾಚನ್ನ ವಿನ್ಯಾಸದ ಕಣ್ಣಿಂದ ಒಮ್ಮೆ ನೋಡಿ. ಬಿಳಿ ಡಯಲ್, ಸ್ಪಷ್ಟವಾದ ಅಂಕಿ, ನೇರ ಮುಳ್ಳು, ಅಷ್ಟೆ. ಒಳಗೆ 17 ಜ್ಯುವೆಲ್, ಅಂದ್ರೆ ಸವೆತ ತಡೆಯಲಿಕ್ಕೆ 17 ಕೃತಕ ಮಾಣಿಕ್ಯದ ಕಲ್ಲು. ಬೆಳಿಗ್ಗೆ ಎದ್ದು ಕೀಲಿ ಕೊಟ್ಟರೆ ದಿನವಿಡೀ ಓಟ. ಬ್ಯಾಲೆನ್ಸ್ ವೀಲ್ ಗಂಟೆಗೆ 18,000 ಸಲ ಬಡಿಯುತ್ತೆ. ಸೆಕೆಂಡಿಗೆ 5, ದಿನಕ್ಕೆ 4,32,000. ಇಷ್ಟು ಬಡಿದು ದಿನಕ್ಕೆ 10 ಸೆಕೆಂಡು ತಪ್ಪಿತು ಅಂತಿಟ್ಟುಕೊಳ್ಳಿ. ದಿನಕ್ಕೆ 86,400 ಸೆಕೆಂಡು. ತಪ್ಪಿದ್ದು ಶೇಕಡಾ 0.012. ಪರೀಕ್ಷೆಯಲ್ಲಿ ಇಷ್ಟು ಮಾರ್ಕ್ ಹೋದರೆ ಯಾರಾದರೂ ಅಳ್ತಾರಾ?

1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೋ ಸೇರಿ ಟೈಟಾನ್ ಕಂಪನಿ ಮಾಡಿದವು. ಮುನ್ನಡೆಸಿದವರು ಜರ್ಕ್ಸೀಸ್ ದೇಸಾಯಿ. ಅವರು ಹಿಡಿದದ್ದು ಎರಡು ವಿಷಯ: ಕ್ವಾರ್ಟ್ಜ್ ಮತ್ತು ವಿನ್ಯಾಸ. ವಾಚು ಟೈಮ್ ನೋಡುವ ಸಾಮಾನು ಮಾತ್ರ ಅಲ್ಲ, ಉಡುಪಿನ ಭಾಗ ಅಂತ ಮಾರಿದರು. ಎಚ್‌ಎಂಟಿ ಆ ತಿರುವಲ್ಲಿ ಹಿಂದೆ ಉಳಿಯಿತು. ಕೊನೆಗೆ 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ವಾಚ್ ವಿಭಾಗವನ್ನ ಮುಚ್ಚುವ ತೀರ್ಮಾನ ತಗೊಂಡಿತು. ತುಮಕೂರಿನ ವಾಚ್ ಕಾರ್ಖಾನೆಯ ಜಾಗ ಇಸ್ರೋಗೆ ಹೋಯ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ, ಹೋದಾಗ ಒಮ್ಮೆ ನೋಡಿ ಬನ್ನಿ.

ಟೈಟಾನ್ 2002ರಲ್ಲಿ 'ಎಡ್ಜ್' ತಂದಿತು. ಒಟ್ಟು ದಪ್ಪ 3.5 ಮಿಲಿಮೀಟರ್. ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಕ್ವಾರ್ಟ್ಜ್ ಆದರೂ ಅದು ಎಂಜಿನಿಯರಿಂಗ್ ಪಂಥವೇ. ವಿಶೇಷ ಏನಂದ್ರೆ ಅದರಲ್ಲಿ ಆ ಕಷ್ಟ ಯಾವುದೂ ಹೊರಗೆ ಕಾಣೋದಿಲ್ಲ. ಕೈಗೆ ಕಟ್ಟಿದರೆ ಹಗುರ, ಅಷ್ಟೆ. ಕಷ್ಟವನ್ನ ಅಡಗಿಸಿಟ್ಟ ವಿನ್ಯಾಸ ಅದು. ಜಲ್ಸಾ ಅದಕ್ಕೆ ಪೂರ್ತಿ ತದ್ವಿರುದ್ಧ. ಕಷ್ಟವನ್ನೆಲ್ಲ ಹೊರಗೆ ತಂದಿಟ್ಟ ವಿನ್ಯಾಸ. ಎರಡೂ ಒಂದೇ ಕಂಪನಿಯಿಂದ ಬಂದದ್ದು ಅನ್ನೋದೇ ಈ ಚರ್ಚೆಯನ್ನ ರುಚಿಯಾಗಿಸುತ್ತೆ.

ಜಲ್ಸಾ ಮೇಲೆ ಮೂರು ಜಗಳ

ಜಲ್ಸಾದ ಕೇಸು 18 ಕ್ಯಾರೆಟ್ ರೋಸ್ ಗೋಲ್ಡ್. ಡಯಲ್ ಅಮೃತಶಿಲೆಯದ್ದು. ಅದರ ಮೇಲೆ ಕೈಯಿಂದ ಬರೆದ ಮಿನಿಯೇಚರ್ ಚಿತ್ರ. ಬರೆದವರು ಪದ್ಮಶ್ರೀ ಪುರಸ್ಕೃತ ಕಲಾವಿದ ಶಾಕಿರ್ ಅಲಿ. ವಿಷಯ ಜೈಪುರದ ಹವಾ ಮಹಲಿನ ವೈಭವ. ಇದರ ಜತೆ ಟೈಟಾನ್ ತಾನೇ ತಯಾರಿಸಿದ ಟೂರ್ಬಿಯೋನ್.

ಮೊದಲನೇ ಜಗಳ: ಚಿತ್ರವಾ, ಯಂತ್ರವಾ? ಒಂದು ಅಂಗೈಯ ಕಾಲುಭಾಗವೂ ಇಲ್ಲದ ಜಾಗದಲ್ಲಿ ಒಂದು ಚಿತ್ರಕಲೆ, ಒಂದು ತಿರುಗುವ ಯಂತ್ರ, ಮೇಲೆ ಓಡಾಡುವ ಮುಳ್ಳುಗಳು. ಕಣ್ಣು ಎಲ್ಲಿ ನಿಲ್ಲಬೇಕು? ಒಂದು ವಾಚು ಒಂದೇ ಮಾತು ಹೇಳಬೇಕು ಅನ್ನುವವರಿಗೆ ಇದು ಇಬ್ಬರು ಭಾಗವತರು ಒಟ್ಟಿಗೆ ಹಾಡಿದ ಹಾಗೆ. ಒಪ್ಪುವವರ ಉತ್ತರ: ಇದು ಟೈಮ್ ನೋಡಲಿಕ್ಕೆ ಮಾಡಿದ್ದಲ್ಲ, ನಿಧಾನವಾಗಿ ನೋಡ್ತಾ ಕೂರಲಿಕ್ಕೆ ಮಾಡಿದ್ದು. ಜನತಾಕ್ಕೆ ಹಾಕುವ ಅಳತೆಕೋಲು ಇದಕ್ಕೆ ಹಾಕಬಾರದು.

ನನ್ನ ಲೆಕ್ಕದಲ್ಲಿ ಇಲ್ಲಿ ಒಪ್ಪುವವರ ವಾದವೇ ಗಟ್ಟಿ. ಆದರೆ ಒಂದು ಷರತ್ತು. ನೋಡಲಿಕ್ಕೇ ಮಾಡಿದ್ದು ಅಂದ ಮೇಲೆ ನೋಡಿದಷ್ಟೂ ಹೊಸತು ಸಿಗಬೇಕು. ಮಿನಿಯೇಚರ್ ಚಿತ್ರದಲ್ಲಿ ಅದು ಸಿಗುತ್ತೆ, ಕೆಲವೇ ಕೂದಲಿನ ಕುಂಚದಿಂದ ಬರೆಯುವ ಕಲೆ ಅದು. ಬರೀ ಪ್ರಿಂಟ್ ಹೊಡೆದ ಡಯಲ್ ಆಗಿದ್ದರೆ ಈ ವಾದ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ.

ಎರಡನೇ ಜಗಳ: ಭಾರತ ಅಂದ್ರೆ ಯಾವಾಗ್ಲೂ ಅರಮನೆಯಾ? ಇದು ನನಗೆ ಹೆಚ್ಚು ಮುಖ್ಯ ಅನ್ನಿಸಿದ ಪ್ರಶ್ನೆ. ನಮ್ಮ ದೇಶದ ಐಷಾರಾಮಿ ಸಾಮಾನು ಅಂದ ಕೂಡ್ಲೆ ಆನೆ, ಮಹಾರಾಜ, ಮೆರವಣಿಗೆ, ರಾಜಸ್ಥಾನ. ಇದು ಹೊರಗಿನವರು ನಮ್ಮನ್ನ ನೋಡುವ ಕಣ್ಣು, ಆ ಕಣ್ಣಿಂದಲೇ ನಾವು ನಮ್ಮನ್ನ ನೋಡ್ಕೊಳ್ಳುವ ಅಗತ್ಯ ಏನಿದೆ? ಬೇರೆ ದಾರಿ ಹಿಡಿದವರೂ ಇದ್ದಾರೆ. ನಿರುಪೇಶ್ ಜೋಶಿ ಮತ್ತು ಮರ್ಸಿ ಅಮಲರಾಜ್ ಶುರು ಮಾಡಿದ ಬ್ಯಾಂಗಲೋರ್ ವಾಚ್ ಕಂಪನಿ ಮಿಗ್-21 ವಿಮಾನ, ಕ್ರಿಕೆಟ್, ಬಾಹ್ಯಾಕಾಶ ಇವುಗಳ ಮೇಲೆ ವಾಚ್ ಮಾಡಿತು. ಅವರು ಸ್ವಿಸ್ ಯಂತ್ರ ಬಳಸ್ತಾರೆ, ಆದರೆ ಹೇಳೋದು ಇವತ್ತಿನ ಭಾರತದ ಕಥೆ. ಇಲ್ಲಿ ಒಂದು ತಮಾಷೆ ನೋಡಿ. ಅವರದ್ದು ಹೊರಗಿನ ಯಂತ್ರ, ಇಂದಿನ ಕಥೆ. ಜಲ್ಸಾದ್ದು ಒಳಗಿನ ಯಂತ್ರ, ಹಳೇ ಕಥೆ. ನಮ್ಮದೇ ಯಂತ್ರ, ಇವತ್ತಿನ ಕಥೆ, ಎರಡೂ ಒಂದೇ ವಾಚಲ್ಲಿ ಸೇರುವ ದಿನಕ್ಕೆ ಕಾಯಬೇಕು.

ಹವಾ ಮಹಲ್ ಪರವಾಗಿಯೂ ಒಂದು ಮಾತು ಹೇಳಬಹುದು. ಅದು ಕಟ್ಟಿದ್ದು 1799ರಲ್ಲಿ. ಬ್ರೆಗೆ ಪೇಟೆಂಟ್ 1801. ಬರೀ ಎರಡು ವರ್ಷದ ಅಂತರ. ಹವಾ ಮಹಲಿನ ಸಣ್ಣ ಕಿಟಕಿಗಳು ಇದ್ದದ್ದು ಒಳಗಿನವರು ಹೊರಗೆ ನೋಡಲಿ, ಹೊರಗಿನವರಿಗೆ ಒಳಗಿನವರು ಕಾಣದಿರಲಿ ಅಂತ. ಟೂರ್ಬಿಯೋನ್ ಕಿಟಕಿ ಅದರ ಉಲ್ಟಾ. ಹಾಗಾಗಿ ಆ ಆಯ್ಕೆಗೆ ಅರ್ಥ ಇಲ್ಲ ಅನ್ನೋದು ಪೂರ್ತಿ ಸರಿಯಲ್ಲ.

ಮೂರನೇ ಜಗಳ: ಟೂರ್ಬಿಯೋನ್ ಇದೆ ಅಂತ 40 ಲಕ್ಷವಾ? ಇದಕ್ಕೆ ಉತ್ತರ ಸೀದಾ ಇದೆ. ಅಲ್ಲ. ಚೀನಾದ ಸೀಗಲ್ ಕಂಪನಿ ವರ್ಷಗಳಿಂದ ಟೂರ್ಬಿಯೋನ್ ಮಾಡ್ತಿದೆ, ಬೆಲೆ ಇದರ ಹತ್ತಿರಕ್ಕೂ ಬರೋದಿಲ್ಲ. 2016ರಲ್ಲಿ ಸ್ವಿಟ್ಜರ್ಲೆಂಡಿನ ಟ್ಯಾಗ್ ಹ್ಯೂಯರ್ ಕೂಡ ಸುಮಾರು 15 ಸಾವಿರ ಸ್ವಿಸ್ ಫ್ರಾಂಕಿಗೆ ಟೂರ್ಬಿಯೋನ್ ವಾಚು ತಂದು ಗಲಾಟೆ ಎಬ್ಬಿಸಿತ್ತು. ಟೂರ್ಬಿಯೋನ್ ಒಂದೇ ಬೆಲೆಗೆ ಕಾರಣ ಅನ್ನುವ ಕಾಲ ಹೋಯ್ತು.

ಹಾಗಾದ್ರೆ 40 ಲಕ್ಷ ಎಂತಕ್ಕೆ?

ಬಿ.ಕಾಂ. ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಲಿ. 40.5 ಲಕ್ಷದ 10 ವಾಚು ಎಲ್ಲ ಮಾರಿದರೂ 4.05 ಕೋಟಿ. ಟೈಟಾನ್ ಗಾತ್ರದ ಕಂಪನಿಗೆ ಅದು ದೊಡ್ಡ ವ್ಯಾಪಾರ ಅಲ್ಲ. ವರ್ಷಗಟ್ಟಲೆ ಇದನ್ನ ವಿನ್ಯಾಸ ಮಾಡಿ, ಪರೀಕ್ಷೆ ಮಾಡಿ, ಬರೀ 10 ವಾಚಿಗೆ ಆ ಖರ್ಚನ್ನ ಹಂಚಿದರೆ ಲಾಭದ ಲೆಕ್ಕವೇ ಬೇರೆ ಆಗುತ್ತೆ. ಇಂಥದ್ದನ್ನ ಮಾರ್ಕೆಟಿಂಗ್‌ನಲ್ಲಿ ಹ್ಯಾಲೋ ಪ್ರಾಡಕ್ಟ್ ಅಂತಾರೆ. ದೇವರ ಫೋಟೋದ ತಲೆ ಹಿಂದೆ ಇರುವ ಪ್ರಭೆ ಇದೆಯಲ್ಲ, ಅದು. ಬೆಳಕು ಬೀಳಬೇಕಾದ್ದು ಅಂಗಡಿಯಲ್ಲಿರುವ 5 ಸಾವಿರ, 10 ಸಾವಿರದ ವಾಚುಗಳ ಮೇಲೆ.

ಸರ್ಕಾರವೂ ಇಂಥ ವಾಚಿನ ಮೇಲೆ ಕಣ್ಣಿಟ್ಟಿದೆ. 2025ರ ಏಪ್ರಿಲ್ 22ರಿಂದ 10 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಕೈಗಡಿಯಾರ ತಗೊಂಡರೆ ಮಾರುವವರು ಶೇಕಡಾ 1ರಷ್ಟು ಟಿಸಿಎಸ್ ಹಿಡಿಯಬೇಕು. 40.5 ಲಕ್ಷಕ್ಕೆ ಅದು 40,500 ರೂಪಾಯಿ. ಇದು ಹೆಚ್ಚುವರಿ ತೆರಿಗೆ ಅಲ್ಲ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತೆ. ಆದರೆ ಯಾರು ತಗೊಂಡರು ಅಂತ ಇಲಾಖೆಗೆ ಗೊತ್ತಾಗುತ್ತೆ.

ಬೆಲೆಯ ನಿಜವಾದ ಅರ್ಥ ಬೇರೆ ಕಡೆ ಇದೆ. ಯಂತ್ರವನ್ನ ಸ್ವಿಟ್ಜರ್ಲೆಂಡಿನಿಂದ ತರಿಸಿ ಹಾಕೋದು ಸುಲಭ. ತಾನೇ ಮಾಡ್ತೇನೆ ಅಂತ ಹೊರಟರೆ, ಕೂದಲಿಗಿಂತ ಸಪೂರದ ಸ್ಪ್ರಿಂಗನ್ನ ಭೂತಗನ್ನಡಿ ಹಾಕಿ ಕೂರಿಸುವ ಕೈಗಳು ಬೇಕು. ಪಂಜರದ ತೂಕ ಸರಿ ಮಾಡುವ ಕೈಗಳು ಬೇಕು. ಎಚ್‌ಎಂಟಿ ಮುಚ್ಚಿದಾಗ ನಾವು ಕಳ್ಕೊಂಡದ್ದು ಬರೀ ಬ್ರ್ಯಾಂಡ್ ಅಲ್ಲ, ಮೆಕ್ಯಾನಿಕಲ್ ಕೆಲಸ ಗೊತ್ತಿದ್ದ ಒಂದು ತಲೆಮಾರು. ಆ ವಿದ್ಯೆ ಪುಸ್ತಕದಿಂದ ಬರೋದಿಲ್ಲ. ಒಬ್ಬರ ಪಕ್ಕ ಇನ್ನೊಬ್ಬರು ಕೂತು ಕಲಿಯಬೇಕು. ಬಾರ್ಕೂರು ಕಡೆ ಕೈಮಗ್ಗ ಇರಲಿ, ದೋಣಿ ಕಟ್ಟುವವರಿರಲಿ, ನಮ್ಮಲ್ಲಿ ಯಾವ ಕಸುಬು ನೋಡಿದರೂ ಇದೇ ಕಥೆ. ಒಂದು ತಲೆಮಾರು ತುಂಡಾದರೆ ಮತ್ತೆ ಜೋಡಿಸೋದು ಭಾರೀ ಕಷ್ಟ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಜಲ್ಸಾದ ಟೂರ್ಬಿಯೋನ್ ಟೈಮನ್ನ ಸರಿ ಮಾಡಲಿಕ್ಕೆ ಬೇಕಾಗಿಲ್ಲ. ಆ ಕೆಲಸ ಬಲ್ಲ ಜನ ನಮ್ಮಲ್ಲಿ ಇದ್ದಾರೆ, ಇನ್ನೂ ತಯಾರಾಗ್ತಾರೆ ಅನ್ನೋದಕ್ಕೆ ಅದು ಬೇಕಿತ್ತು. ಆ ವಿದ್ಯೆ ಈ 10 ವಾಚಲ್ಲೇ ನಿಂತುಬಿಟ್ಟರೆ ಅದು ಬರೀ ಜಲ್ಸಾ. ನಾಳೆ 25 ಸಾವಿರದ ಒಂದು ಒಳ್ಳೇ ಮೆಕ್ಯಾನಿಕಲ್ ವಾಚಿಗೆ ಇಳಿದು ಬಂದರೆ ಆಗ ಈ ವಿನ್ಯಾಸ ಗೆದ್ದಿತು ಅಂತ.

ನಮ್ಮ ಕೈಗೆ ಬರುವ ವಾಚು

ಈಗ 40 ಲಕ್ಷದಿಂದ ಕೆಳಗೆ ಇಳಿಯುವ. ಇನ್‌ಸ್ಟಾದಲ್ಲಿ 3 ಸಾವಿರಕ್ಕೆ 'ಟೂರ್ಬಿಯೋನ್ ಸ್ಟೈಲ್' ಅಂತ ಜಾಹೀರಾತು ಬರುತ್ತಲ್ಲ, ಅದರ ಗುಟ್ಟು ಕೇಳಿ.

ಡಯಲಲ್ಲಿ ತೂತು ಇದ್ದು ಒಳಗೆ ಏನೋ ಅಲ್ಲಾಡ್ತಿದ್ದರೆ ಅದು ಹೆಚ್ಚಾಗಿ ಓಪನ್ ಹಾರ್ಟ್. ಮಾಮೂಲಿ ಬ್ಯಾಲೆನ್ಸ್ ವೀಲನ್ನೇ ತೂತಿನಿಂದ ತೋರಿಸೋದು. ವ್ಯತ್ಯಾಸ ಕಂಡುಹಿಡಿಯೋದು ಸುಲಭ. ವಿಡಿಯೋ ಕೇಳಿ, ಪೂರ್ತಿ ಒಂದು ನಿಮಿಷ ನೋಡಿ. ಚಕ್ರ ಇದ್ದಲ್ಲೇ ಅತ್ತಿತ್ತ ತೂಗ್ತಿದ್ದರೆ ಓಪನ್ ಹಾರ್ಟ್. ಚಕ್ರ ತೂಗ್ತಾ ತೂಗ್ತಾ ಅದರ ಇಡೀ ಪಂಜರವೇ ಸುತ್ತು ಬಂದರೆ ಟೂರ್ಬಿಯೋನ್. ಓಪನ್ ಹಾರ್ಟ್ ಕೆಟ್ಟದ್ದೇನಲ್ಲ, ಅದಕ್ಕೆ ಅದರ ಹೆಸರಲ್ಲೇ ಬೆಲೆ ಕೊಡಿ. ಇನ್ನು ಕೆಲವದರಲ್ಲಿ ಓಟಕ್ಕೆ ಬ್ಯಾಟರಿ, ಎದುರಿಗೆ ಚಂದಕ್ಕೆ ಒಂದು ಚಕ್ರ. ಅದು ವೇಷ ಮಾತ್ರ, ಒಳಗೆ ಪಾತ್ರವೇ ಇಲ್ಲ.

ಎರಡನೇದು, ಆನ್‌ಲೈನಲ್ಲಿ ಸಿಗುವ ಹಳೇ ಎಚ್‌ಎಂಟಿ. ವಾಚ್ ಪ್ರಿಯರು ಇದರಲ್ಲಿ ಒಂದು ಜಾತಿಗೆ 'ಮುಂಬೈ ಸ್ಪೆಷಲ್' ಅಂತ ಹೆಸರಿಟ್ಟಿದ್ದಾರೆ. ಹತ್ತು ವಾಚಿನ ಬಿಡಿಭಾಗ ಸೇರಿಸಿ, ಡಯಲಿಗೆ ಹೊಸ ಬಣ್ಣ ಬಳಿದು, ಹಳೇ ಹೆಸರು ಅಚ್ಚು ಹಾಕಿ ಮಾರೋದು. ಜನತಾ ಅಂತ ಬರೆದ ಕಣ್ಣು ಕುಕ್ಕುವ ಗುಲಾಬಿ, ನೇರಳೆ ಡಯಲ್ ಕಂಡರೆ ಸಂಶಯ ಪಡಿ. ಅಕ್ಷರದ ಅಂಚು ಒಡೆದಿದೆಯಾ, ಗೆರೆಗಳು ಓರೆಯಾಗಿವೆಯಾ, ಫೋಟೋ ದೊಡ್ಡದು ಮಾಡಿ ನೋಡಿ. ಹಿಂದಿನ ಮುಚ್ಚಳ ತೆಗೆದ ಫೋಟೋ ಕೇಳಿ. ಕೊಡಲಿಕ್ಕೆ ಹಿಂದೇಟು ಹಾಕಿದರೆ ಬಿಟ್ಟುಬಿಡಿ.

ಮೂರನೇದು ನಮ್ಮ ಕಡಲು. ಮರವಂತೆಯಿಂದ ಬೈಂದೂರಿನ ತನಕ ಹೆದ್ದಾರಿ 66ರ ಬದಿಯಲ್ಲಿ ಇರುವವರಿಗೆ ಉಪ್ಪುಗಾಳಿ, ಬೆವರು, ನಾಲ್ಕು ತಿಂಗಳ ಮಳೆ. ನೀರು ಒಳಗೆ ಹೋಗದ ಹಾಗೆ ತಡೆಯೋದು ಕೂಡ ವಿನ್ಯಾಸವೇ, ಕಣ್ಣಿಗೆ ಕಾಣೋದಿಲ್ಲ ಅಷ್ಟೆ. ವಾಚಿನ ಹಿಂದೆ 30 ಮೀಟರ್ ಅಂತ ಬರೆದಿದ್ದರೆ 30 ಮೀಟರ್ ಆಳಕ್ಕೆ ಹೋಗಬಹುದು ಅಂತ ಅಲ್ಲ. ಅದು ಪ್ರಯೋಗಾಲಯದ ಒತ್ತಡದ ಲೆಕ್ಕ. ಕೈ ತೊಳೆಯುವಾಗ, ಸಣ್ಣ ಮಳೆಗೆ ಪರವಾಗಿಲ್ಲ. ಸಮುದ್ರಕ್ಕೆ ಇಳೀಬೇಕಾದರೆ 100 ಮೀಟರ್ ಬರೆದದ್ದು ಇರಲಿ, ಕೀಲಿ ತಿರುಪಿ ಮುಚ್ಚುವಂಥದ್ದಾದರೆ ಇನ್ನೂ ಒಳ್ಳೇದು. ಬಂದ ಮೇಲೆ ಸಿಹಿನೀರಲ್ಲಿ ತೊಳೀರಿ. ಅಜ್ಜನ ಎಚ್‌ಎಂಟಿಯನ್ನಂತೂ ನೀರಿನ ಹತ್ತಿರವೂ ಒಯ್ಯಬೇಡಿ. ಗಾಜಿನ ಒಳಗೆ ಮಂಜು ಕಂಡರೆ ತಡ ಮಾಡದೆ ರಿಪೇರಿಯವರಿಗೆ ಕೊಡಿ, ತುಕ್ಕು ಹಿಡಿಯಲಿಕ್ಕೆ ಹೆಚ್ಚು ದಿನ ಬೇಕಿಲ್ಲ.

ರಿಪೇರಿ ಅಂದೆನಲ್ಲ, ಅದೇ ನಾಲ್ಕನೇ ಮಾತು, ದೊಡ್ಡ ಮಾತು. ಎಚ್‌ಎಂಟಿ ವಾಚನ್ನ ಪೇಟೆಯ ಸಣ್ಣ ಗಾಜಿನ ಪೆಟ್ಟಿಗೆ ಅಂಗಡಿಯಲ್ಲಿ, ಕಣ್ಣಿಗೆ ಒಂದು ಲೆನ್ಸ್ ಸಿಕ್ಕಿಸಿಕೊಂಡು ಕೂತವರು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಓಡಿಸಿ ಕೊಡ್ತಾರೆ. ಟೂರ್ಬಿಯೋನ್ ಕೆಟ್ಟರೆ ಮಾಡಿದವರ ಹತ್ತಿರವೇ ಹೋಗಬೇಕು. ಯಾವ ವಾಚ್ ತಗೊಳ್ಳುವಾಗಲೂ ಕೇಳಿ: ಹತ್ತು ವರ್ಷದ ನಂತರ ಇದನ್ನ ಯಾರು ಬಿಚ್ಚುತ್ತಾರೆ? ಉತ್ತರ ಇಲ್ಲದಿದ್ದರೆ ಎಷ್ಟೇ ಚಂದ ಇದ್ದರೂ ಆ ವಿನ್ಯಾಸ ಅರ್ಧ ಮಾತ್ರ.

ಒಟ್ಟು ಮೂರು ಪ್ರಶ್ನೆ ಜೇಬಲ್ಲಿ ಇಟ್ಟುಕೊಳ್ಳಿ. ತೋರಿಸುವ ಭಾಗ ನಿಜವಾಗಿ ಆ ಕೆಲಸ ಮಾಡ್ತಿದೆಯಾ? ಅಷ್ಟೆಲ್ಲ ಇದ್ದೂ ಅದರ ಮುಖ್ಯ ಮಾತು, ಸಮಯವೋ ಚಿತ್ರವೋ, ಸ್ಪಷ್ಟವಾಗಿ ಕಾಣುತ್ತಾ? ಕೆಟ್ಟರೆ ಸರಿ ಮಾಡುವ ಕೈ ಇದೆಯಾ? ಜಲ್ಸಾಕ್ಕೂ ಇದೇ ಪ್ರಶ್ನೆ, ಜನತಾಕ್ಕೂ ಇದೇ.

ಮನೆಯ ಕಪಾಟಲ್ಲಿ ಹಳೇ ಎಚ್‌ಎಂಟಿ ಇದ್ದರೆ ಈ ಶನಿವಾರ ಹೊರಗೆ ತೆಗೀರಿ. ಜೋರಾಗಿ ಕೀಲಿ ಕೊಡಬೇಡಿ, ಒಳಗಿನ ಎಣ್ಣೆ ಒಣಗಿರುತ್ತೆ. ಮೊದಲು ರಿಪೇರಿಯವರಿಗೆ ತೋರಿಸಿ. ಓಡಲಿಕ್ಕೆ ಶುರುವಾದ ಮೇಲೆ ಕಿವಿ ಹತ್ತಿರ ಹಿಡಿದು ಕೇಳಿ, ಸೆಕೆಂಡಿಗೆ ಐದು ಬಡಿತ. ಆಮೇಲೆ ನಮಗೊಂದು ವಾಯ್ಸ್ ನೋಟ್ ಕಳಿಸಿ, ಯಾವ ಮಾಡೆಲ್, ಯಾರ ವಾಚ್ ಅಂತ. ಮುಂದಿನ ವಾರ ಸಿಗುವ. ಬತ್ತೆ!